ಜೋಡಿದಾರರ ಮನೆಯ ಮಂಡಲ ವ್ರತ

೧೯೬೨ನೇ ಇಸವಿ ಮಾರ್ಚಿ ೫, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಜಯನಗರದ ಠಾಣೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬಂದು ನಿಂತಳು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ದಫೇದಾರ್ ಚಿಕ್ಕಬೈರಪ್ಪ ಎರಡು ಸಲ ಗದರಿಸಿದ ಮೇಲೆ ಸೆರಗಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದಳು.

"ಇನ್‌ಸ್ಪೆಕ್ಟ್ರು ಸ್ವಾಮಿಗಳ ಕೈಗೇ ಕೊಡು ಅಂದವ್ರೆ. ಬೇರೆಯೋರ್ಗೆ ಕೊಡಾಕಿಲ್ಲ."

"ಯಾರಮ್ಮ ಅಂದಿದ್ದು?"

"ಅಮ್ಮಣ್ಣಿಯೋರು. ಜೋಡಿದಾರ್ರ ಮಗಳು."

ಆ ಹೆಸರು ಕೇಳಿದ್ದೇ ಚಿಕ್ಕಬೈರಪ್ಪನ ದನಿ ತಗ್ಗಿತು. ಅವನು ಪುಟ್ಟೇನಹಳ್ಳಿಯವನು. ಅವನಪ್ಪ ಆ ಊರನ್ನು ಇನಾಮಾಗಿ ಪಡೆದಿದ್ದ ಜೋಡಿದಾರ್ ಅನಂತಪದ್ಮನಾಭ ರಾಯರ ಗೇಣಿದಾರನಾಗಿದ್ದ. ಸರ್ಕಾರ ಇನಾಮು ರದ್ದು ಮಾಡುವ ಮೊದಲೇ ರಾಯರು ಉಳುವವರನ್ನೆಲ್ಲ ಕರೆದು, "ನೀವು ಉತ್ತಿದ್ದು ನಿಮ್ಮದು" ಎಂದು ಬರೆದುಕೊಟ್ಟಿದ್ದರು. ಹಾಗೆ ಬರೆದುಕೊಟ್ಟ ಜೋಡಿದಾರರು ಮೈಸೂರು ಸೀಮೆಯಲ್ಲಿ ಎಷ್ಟು ಮಂದಿಯೋ, ಬೆರಳೆಣಿಕೆ.

ಇನ್‌ಸ್ಪೆಕ್ಟರ್ ಗಂಗಾಧರಯ್ಯ ಕಾಗದ ಬಿಡಿಸಿದರು. ಪೆನ್ಸಿಲಿನಲ್ಲಿ ಬರೆದಿತ್ತು.

"ನಾನು ಅಮ್ಮಣ್ಣಿ, ವಯಸ್ಸು ಹತ್ತೊಂಬತ್ತು. ನಮ್ಮಣ್ಣ ಬದರಿನಾಥ ಜನವರಿ ೧೯ನೇ ತಾರೀಖು ವಾಂತಿ ಭೇದಿಯಿಂದ ತೀರಿಕೊಂಡ. ಈಗ ಅಮ್ಮನಿಗೂ ನನಗೂ ಅದೇ ಆಗುತ್ತಿದೆ. ಹೊಸಿಲು ದಾಟುವಂತಿಲ್ಲ, ಡಾಕ್ಟರು ಬರುವಂತಿಲ್ಲ. ನಲವತ್ತೆಂಟು ದಿನದ ವ್ರತವಂತೆ. ಇನ್ನೂ ಇಪ್ಪತ್ತು ದಿನ ಇದೆ. ಅಮ್ಮ ಅಷ್ಟು ದಿನ ಉಳಿಯುವುದಿಲ್ಲ. ದಯವಿಟ್ಟು ಅಪ್ಪನಿಗೆ ಹೇಳಬೇಡಿ. ಅಪ್ಪ ತುಂಬ ಒಳ್ಳೆಯವರು, ಕೇಳಿದ್ದನ್ನೆಲ್ಲ ಗುಂಡಣ್ಣನಿಗೆ ಹೇಳಿಬಿಡುತ್ತಾರೆ. ನಾನು ಇವತ್ತು ಹೊರಗಾಗಿದ್ದೇನೆ. ಹಿತ್ತಿಲ ಕೋಣೆಯ ಕಡೆ ಮೈಲಿಗೆಯೆಂದು ಅವನು ಬರುವುದಿಲ್ಲ, ಅದಕ್ಕೇ ಇದನ್ನು ಬರೆಯಲು ಆಯಿತು. ಗುರುವಾರ ಬೆಳಿಗ್ಗೆ ನೀರು ಹಾಕಿಕೊಂಡು ಮತ್ತೆ ಒಳಗೆ ಸೇರಬೇಕು."

ಗಂಗಾಧರಯ್ಯ ಎರಡು ಸಲ ಓದಿದರು. ವ್ರತದ ಮಾತು ಅವರಿಗೆ ಹೊಸದಲ್ಲ. ಫೆಬ್ರವರಿ ಮೊದಲ ವಾರ ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಕೂಡಿದಾಗ ಲೋಕವೇ ಮುಳುಗುತ್ತದೆಂದು ಊರಿಗೆ ಊರೇ ಹೋಮ ಹಾಕಿಸಿತ್ತು. ಲೋಕ ಮುಳುಗಲಿಲ್ಲ. ಆರನೇ ತಾರೀಖು ಜನ ಒಬ್ಬರ ಮುಖ ಒಬ್ಬರು ನೋಡದೆ ಆಫೀಸಿಗೆ ಹೋದರು. ಈ ಒಂದು ಮನೆಯಲ್ಲಿ ಮಾತ್ರ ಅವತ್ತು ಬಾಗಿಲು ಹಾಕಿಕೊಂಡಿದ್ದರು.

"ನಿನ್ನ ಹೆಸರು?"

"ಸಿದ್ದಗಂಗಮ್ಮ, ಸ್ವಾಮಿ. ಹಿತ್ತಿಲಾಗೆ ಪಾತ್ರೆ ತೊಳ್ಯೋಳು."

"ಗುಂಡಣ್ಣ ಅಂದ್ರೆ ಯಾರು?"

"ಮನೇಲೇ ಇರೋರು. ಅಡುಗೆ, ದೇವರ ಮನೆ, ಪಂಚಾಂಗ ಎಲ್ಲಾ ಅವ್ರದೇ. ತಬ್ಬಲಿ ಮಗೀನ ದೊಡ್ಡೋರೇ ತಂದು ಸಾಕಿದ್ರಂತೆ. ಯಜಮಾನ್ರಿಗೆ ಅವ್ರ ಮಾತಂದ್ರೆ ಯೇದವಾಕ್ಯ."

ಹೆದರಿದ ಹುಡುಗಿಯ ಕಾಗದದ ಮೇಲೆ ಎಫ್.ಐ.ಆರ್. ಬರೆಯಲು ಬರುವುದಿಲ್ಲ. ಡೈರಿಯಲ್ಲಿ ನಮೂದು ಮಾಡಿ, ಹನ್ನೊಂದೂ ಮುಕ್ಕಾಲಿಗೆ ಗಂಗಾಧರಯ್ಯ ತಾವೇ ಹೊರಟರು.

ಮೂರನೇ ಬ್ಲಾಕಿನ ದೊಡ್ಡ ಮನೆ. ಗೇಟಿಗೆ ಒಳಗಿನಿಂದ ಬೀಗ. ಬೀಗ ತೆಗೆದವನು ಮೂವತ್ತಾರರ ಆಸುಪಾಸಿನ ಬಡಕಲು ಮನುಷ್ಯ, ಒದ್ದೆ ಪಂಚೆ, ಹಣೆಯಲ್ಲಿ ಅಂಗಾರದ ಕಪ್ಪು ಗೆರೆ. ಅವನೇ ಗುಂಡಣ್ಣ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಡೆದ. ರಾಯರು ವರಾಂಡದಲ್ಲಿದ್ದರು. ಅರವತ್ತೆರಡು ವಯಸ್ಸು, ಎತ್ತರದ ಆಳು. ಅರಮನೆಯ ದಸರಾ ದರ್ಬಾರಿಗೆ ಕರೆ ಬರುತ್ತಿದ್ದ ಮನೆತನ. ಪೊಲೀಸಿನವರು ಬಂದರೆಂದು ಎದ್ದು ನಿಂತು ಕೈ ಮುಗಿದರು.

"ಬನ್ನಿ, ಕೂತ್ಕೊಳ್ಳಿ. ವ್ರತ ಇರೋದ್ರಿಂದ ಒಳಗೆ ಕರೆಯೋ ಹಾಗಿಲ್ಲ, ತಪ್ಪು ತಿಳೀಬೇಡಿ. ಗುಂಡಣ್ಣ, ಇವರಿಗೆ ಕಾಫಿ ಕೊಡಪ್ಪ."

"ಕಾಫಿ ಬೇಡ ಸ್ವಾಮಿ. ಮನೆಯವರಿಗೆ ಹುಷಾರಿಲ್ಲ ಅಂತ ಕೇಳ್ದೆ."

"ಗ್ರಹಚಾರ. ಗುಂಡಣ್ಣ ನವೆಂಬರಲ್ಲೇ ಜಾತಕ ನೋಡಿ ಹೇಳಿದ್ದ, ಈ ಮನೇಲಿ ಮೂರು ಜನಕ್ಕೆ ಕಂಟಕ ಇದೆ ಅಂತ. ನಾವು ನಂಬಲಿಲ್ಲ. ಬದರಿ ಹೋದ." ರಾಯರು ಒಳಬಾಗಿಲ ಕಡೆ ನೋಡಿದರು. "ಇನ್ನಿಬ್ಬರನ್ನಾದರೂ ಉಳಿಸ್ಕೊಳ್ಳೋಣ ಅಂತ ಈ ವ್ರತ. ಇವನೊಬ್ಬ ಇಲ್ದೆ ಇದ್ದಿದ್ರೆ ನಾನೇನು ಮಾಡ್ತಿದ್ದೆನೋ."

"ಡಾಕ್ಟರಿಗೆ ತೋರಿಸಿದ್ರಾ?"

ಉತ್ತರ ಕೊಟ್ಟವನು ಗುಂಡಣ್ಣ. "ಮಂಡಲ ಮುಗಿಯೋವರೆಗೂ ಔಷಧ ನಿಷಿದ್ಧ."

ಒಳಬಾಗಿಲ ಚೌಕಟ್ಟು ಹಿಡಿದು ಒಬ್ಬ ಹೆಂಗಸು ನಿಂತಿದ್ದರು. ರಾಯರ ಪತ್ನಿ ಸರಸ್ವತಮ್ಮ. ಮುಖ ಕಪ್ಪಿಟ್ಟಿತ್ತು, ನೆತ್ತಿಯ ಕೂದಲು ತೆಳ್ಳಗಾಗಿ ಚರ್ಮ ಕಾಣುತ್ತಿತ್ತು. ಬಾಗಿಲು ಹಿಡಿದ ಬೆರಳುಗಳ ಉಗುರಿನ ಮೇಲೆ ಅಡ್ಡಡ್ಡಲಾಗಿ ಬಿಳಿ ಗೆರೆ. ಅವರು ಇನ್‌ಸ್ಪೆಕ್ಟರರನ್ನು ಕಣ್ಣು ಕೀಳದೆ ನೋಡಿದರು. ಗುಂಡಣ್ಣ ತಿರುಗಿ, "ಅಮ್ಮ, ಕಾಲು ಉರಿ ಅಂತಿದ್ರಲ್ಲ, ಹೋಗಿ ಮಲಗಿ" ಎಂದ. ಅವರು ಹೋದರು.

"ದೂರು ಕೊಟ್ಟೋರು ಯಾರು ಅಂತ ಕೇಳಬಹುದೇ?" ರಾಯರು ವಿನಯದಿಂದಲೇ ಕೇಳಿದರು.

"ದೂರು ಯಾರೂ ಕೊಟ್ಟಿಲ್ಲ. ಬೀಟಿನಲ್ಲಿ ಸುದ್ದಿ ಬಂತು."

ಗುಂಡಣ್ಣ ತಲೆ ಬಗ್ಗಿಸಿಕೊಂಡೇ ಇದ್ದ. ಆದರೆ ಅವನಿಗೆ ಇಷ್ಟು ಸಾಕಾಯಿತು. ಮಧ್ಯಾಹ್ನ ಎರಡು ಗಂಟೆಯೊಳಗೆ ಸಿದ್ದಗಂಗಮ್ಮನನ್ನು ಕೆಲಸ ಬಿಡಿಸಿ, ಹಿತ್ತಿಲ ಬಾಗಿಲಿಗೂ ಬೀಗ ಬಿತ್ತು. ಬಿಡಿಸಿದ್ದು ರಾಯರೇ. ವ್ರತ ಮುಗಿಯುವವರೆಗೆ ಸುಧಾರಿಸಿಕೋ ಎಂದು ಎರಡು ತಿಂಗಳ ಸಂಬಳ, ಮೇಲೊಂದು ಸೀರೆ ಕೊಟ್ಟು ಕಳಿಸಿದರು. ಒಳ್ಳೆಯತನದಿಂದ ಹಾಕಿದ ಬೀಗವಾದರೂ ಬೀಗ ಬೀಗವೇ. ಅಮ್ಮಣ್ಣಿಗೆ ಇದ್ದ ಒಂದು ಕಿಂಡಿಯೂ ಮುಚ್ಚಿತು, ಮುಚ್ಚಿಸಿದವರು ತಾವೇ ಎಂದು ಗಂಗಾಧರಯ್ಯನವರಿಗೆ ಗೊತ್ತಾಯಿತು. ಅವತ್ತು ಅವರು ಮಧ್ಯಾಹ್ನದ ಊಟ ಮಾಡಲಿಲ್ಲ. ಗೇಟಿನ ಎದುರು ಹೊಂಗೆ ಮರದ ಕೆಳಗೆ ಮಫ್ತಿಯಲ್ಲಿ ಒಬ್ಬ ಪೇದೆಯನ್ನು ಕೂರಿಸಿದರು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಬದರಿನಾಥನನ್ನು ನೋಡಿದ್ದ ಡಾಕ್ಟರ ಬಳಿ ವಿಚಾರಣೆ.

"ಆ ಹುಡುಗನಿಗೆ ಏನಾಗಿತ್ತು?"

"ವಾಂತಿ ಭೇದಿ ಅಂತಲೇ ಔಷಧಿ ಕೊಟ್ಟೆ. ಡಿಸೆಂಬರ್ ಕೊನೇಲಿ ಆಫೀಸ್ ಕೆಲಸದ ಮೇಲೆ ಹತ್ತು ದಿನ ಶಿವಮೊಗ್ಗಕ್ಕೆ ಹೋಗಿದ್ದ. ಅಲ್ಲಿ ಸಂಪೂರ್ಣ ಗುಣ ಆಯ್ತಂತೆ. ಹವಾ ಬದಲಾವಣೆ ಅಂದ್ಕೊಂಡೆ. ವಾಪಸು ಬಂದು ಎರಡು ವಾರಕ್ಕೆ ಹೋದ."

"ಅವರ ತಾಯಿಯನ್ನ ನಿನ್ನೆ ನೋಡ್ದೆ. ಮುಖ ಕಪ್ಪಾಗಿದೆ, ಕೂದಲು ಉದುರಿದೆ. ಉಗುರಿನ ಮೇಲೆ ಅಡ್ಡ ಬಿಳಿ ಗೆರೆ. ಅಂಗಾಲು ಉರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಾಷಾಣ, ಇನ್‌ಸ್ಪೆಕ್ಟರೇ. ಬಿಳೀ ಪಾಷಾಣ, ಆರ್ಸೆನಿಕ್. ಚೂರುಚೂರೇ ಹಾಕ್ತಿದ್ದಾರೆ. ಬಣ್ಣ ಇಲ್ಲ, ರುಚಿ ಇಲ್ಲ. ನನಗೆ ಆಗಲೇ ಹೊಳೀಬೇಕಿತ್ತು. ಆ ಮನೇಲಿ ಯಾರಿಗೆ ಹೊಳೆಯುತ್ತೆ ಹೇಳಿ?"

ಬದರಿನಾಥನ ದೇಹ ದಹನವಾಗಿ ಒಂದೂವರೆ ತಿಂಗಳಾಗಿತ್ತು. ಸಾಕ್ಷ್ಯವೆಂದು ಹಿಡಿಯಲು ಒಂದು ಕೂದಲೂ ಇಲ್ಲ.

ವಿಷ ಮಾರುವ ಅಂಗಡಿಗಳು ಕೊಂಡವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕೆಂಬುದು ಕಾನೂನು. ಚಿಕ್ಕಬೈರಪ್ಪ ಪೇಟೆಯ ಅಂಗಡಿಗಳನ್ನು ಒಂದೊಂದಾಗಿ ಸುತ್ತಿದ. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಠಾಣೆಗೆ ಬಂದವನು ಟೋಪಿಯನ್ನೂ ತೆಗೆಯದೆ ಬೆಂಚಿನ ಮೇಲೆ ಕೂತ.

"ಸಿಕ್ತೇನಯ್ಯ?"

"ಸಿಕ್ತು ಸಾರ್. ಸಿಗದೇ ಇದ್ದಿದ್ರೇ ಚೆನ್ನಾಗಿತ್ತು." ಜೇಬಿನಿಂದ ಒಂದು ಚೀಟಿ ತೆಗೆದ. ಅಂಗಡಿಯವನು ರಿಜಿಸ್ಟರಿಗೆ ಗುಂಡುಸೂಜಿ ಚುಚ್ಚಿ ಇಟ್ಟಿದ್ದ ಚೀಟಿ, ೧೯೬೧ ಡಿಸೆಂಬರ್ ೪ರದು. ಗೆದ್ದಲು ಹೊಡೆಯಲು ಕಾಲು ಪೌಂಡು ಬಿಳಿ ಪಾಷಾಣ ಕೊಡತಕ್ಕದ್ದು ಎಂದಿತ್ತು. ಕೆಳಗೆ ಅನಂತಪದ್ಮನಾಭ ರಾಯರ ರುಜು.

"ಇದು ಬುದ್ಧಿಯೋರ ರುಜೂನೇ ಸಾರ್. ನಮ್ಮ ಹೊಲದ ಪತ್ರದ ಮೇಲೂ ಇದೇ ಇರೋದು. ನಮ್ಮಪ್ಪ ದೇವರ ಪಟದ ಹಿಂದೆ ಇಟ್ಟವ್ನೆ."

ಒಂದು ಗಳಿಗೆ ಗಂಗಾಧರಯ್ಯನವರಿಗೂ ತಂದೆಯ ಮೇಲೆಯೇ ಅನುಮಾನ ಬಂತು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಅವರು ಇಪ್ಪತ್ತು ವರ್ಷದ ನೌಕರಿಯಲ್ಲಿ ಬೇಕಾದಷ್ಟು ನೋಡಿದ್ದರು. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ರುಜುವಿನ ಮಸಿ ಕಪ್ಪು, ಮೇಲಿನ ಬರಹ ನೀಲಿ. ಎರಡೂ ಒಂದೇ ಕೈಯದಲ್ಲ. ಸಿದ್ದಗಂಗಮ್ಮನಿಗೆ ಹೇಳಿಕಳಿಸಿದರು. ಅವಳು ನಾಲ್ಕು ಗಂಟೆಗೆ ಬಂದಳು.

"ನಿಮ್ಮ ಯಜಮಾನ್ರು ಬರೀ ಕಾಗದಕ್ಕೆ ರುಜು ಹಾಕೋದು ಉಂಟಾ?"

"ಅಯ್ಯೋ, ಅದೇನು ಕೇಳ್ತೀರಿ! ಗುಂಡಣ್ಣೋರು ಹತ್ತಿಪ್ಪತ್ತು ಹಾಳೆ ಮುಂದಿಟ್ರೆ ಹಾಕ್ಕೊಡ್ತಾರೆ. ದಿನಸಿಗೆ, ಹೋಮದ ಸಾಮಾನಿಗೆ ಬೇಕಾಗ್ತದೆ ಅಂತ. ಅಮ್ಮಾವ್ರು ಒಂದು ದಿನ ಬ್ಯಾಡಿ ಅಂದ್ರು. ಮನೆ ಮಗನ್ನ ಅನುಮಾನ ಪಡಬಾರ್ದು ಅಂದ್ರು ದೊಡ್ಡೋರು."

"ಸರಿ. ಊಟ ಎಲ್ಲರಿಗೂ ಒಂದೇನಾ?"

"ಒಂದೇಯಾ. ಮಿಕ್ಕಿದ್ದು ನಮ್ಮನೆಗೂ ಬರ್ತಿತ್ತು. ನಾನು, ನಮ್ಮನೆಯೋರು, ಮೂರು ಮಕ್ಕಳು ಅದನ್ನೇ ತಿಂದಿದ್ದು."

"ನಿಮಗ್ಯಾರಿಗೂ ಏನೂ ಆಗಲಿಲ್ಲ?"

"ಏನೂ ಇಲ್ಲ ಸ್ವಾಮಿ, ಗುಂಡುಕಲ್ಲಿನಂಗಿದೀವಿ."

ಅನ್ನದಲ್ಲಿಲ್ಲ, ಸಾರಿನಲ್ಲಿಲ್ಲ. ಗಂಗಾಧರಯ್ಯ ಮೇಜಿನ ಮೇಲೆ ಬೆರಳು ಬಡಿಯುತ್ತ ಕೂತರು. ನಾಳೆಯೇ ಗುರುವಾರ. ಸಿದ್ದಗಂಗಮ್ಮ ಏನೋ ಹೇಳಲು ಬಾಯಿ ತೆರೆದು, ನಾಚಿಕೊಂಡು, ಸೆರಗು ಬಾಯಿಗೆ ಹಿಡಿದಳು.

"ಏನಿದ್ರೂ ಹೇಳಮ್ಮ. ಎರಡು ಜೀವದ ಪ್ರಶ್ನೆ."

"ಗಂಡಸ್ರ ಮುಂದೆ ಆಡೋ ಮಾತಲ್ಲ. ಅಮ್ಮಣ್ಣಿಯೋರು ತಿಂಗಳಿಗೊಂದು ಸಲ ದೂರ ಕೂತ್ಕೋತಾರಲ್ಲ, ಆ ದಿನಗಳಾಗೆ ವಾಂತಿ ನಿಂತೋಗ್ತದೆ. ಮುಖ ಗೆಲುವಾಗ್ತದೆ. ಜನವರಿಯಾಗೂ ಹಂಗೇ ಆಯ್ತು, ಹೋದ ತಿಂಗಳೂ ಹಂಗೇ ಆಯ್ತು. ನೀರು ಹಾಕ್ಕೊಂಡು ಒಳಗೆ ಹೋದ ಮಾರನೇ ದಿನಕ್ಕೇ ಮತ್ತೆ ಸುರು. ಅಮ್ಮಾವ್ರಿಗೆ ವಯಸ್ಸಾಯ್ತು, ಅದೆಲ್ಲ ನಿಂತೈತೆ. ಅವ್ರಿಗೆ ಒಂದು ದಿನಾನೂ ಬಿಡುವಿಲ್ಲ."

"ಆ ದಿನಗಳಲ್ಲಿ ಊಟ?"

"ಅದೇ ಊಟ. ದೂರದಿಂದ ಬಡಿಸ್ತಾರೆ."

"ಹಾಗಾದ್ರೆ ಏನು ಕೊಡಲ್ಲ?"

"ದೇವರ ಮನೇದು ಯಾವ್ದೂ ಕೊಡಾಕಿಲ್ಲ. ಹೂವಿಲ್ಲ, ಕುಂಕುಮ ಇಲ್ಲ, ತೀರ್ಥ ಇಲ್ಲ."

ಚಿಕ್ಕಬೈರಪ್ಪ ಬೆಂಚಿನಿಂದ ಎದ್ದೇಬಿಟ್ಟ. ಗಂಗಾಧರಯ್ಯ ಕೇಳಿದರು, "ತೀರ್ಥ ಮಾಡೋರು ಯಾರು?"

"ಗುಂಡಣ್ಣೋರು. ಗ್ರಹಶಾಂತಿ ತೀರ್ಥ ಅಂತ ಬೇರೆ ಬಟ್ಟಲಾಗೆ ಮಾಡ್ತಾರೆ. ದೋಷ ಇರೋರಿಗೆ ಮಾತ್ರ. ಯಜಮಾನ್ರು ತಕ್ಕೊಂಡ್ರೆ ಫಲ ಇಲ್ವಂತೆ, ಅವರದು ಬೇರೆ ತೀರ್ಥ."

"ಕೊಡೋರು ಯಾರು?"

ಸಿದ್ದಗಂಗಮ್ಮನಿಗೆ ಆಗ ಅರ್ಥವಾಗಿರಬೇಕು.

"ದೊಡ್ಡೋರೇ ಸ್ವಾಮಿ. ದಿನಾ ಬೆಳಿಗ್ಗೆ ಅವ್ರೇ ಕೈಯಾರೆ ಕೊಡ್ತಾರೆ."

ತೀರ್ಥ ಬೇಡವೆನ್ನುವ ಹೆಂಗಸು ಆ ಮನೆಯಲ್ಲಿ ಹುಟ್ಟಿರಲಿಲ್ಲ, ಆ ಮನೆಗೆ ಸೊಸೆಯಾಗಿ ಬಂದಿರಲೂ ಇಲ್ಲ. ಅನ್ನ ಸೇರುವುದಿಲ್ಲ ಎನ್ನಬಹುದು, ಹಾಲು ತಿರುಗಿಸಬಹುದು. ಮಡಿಯಲ್ಲಿ ನಿಂತ ಯಜಮಾನ ಚಾಚಿದ ತೀರ್ಥದ ಉದ್ಧರಣೆಯ ಮುಂದೆ ಕೈ ಒಡ್ಡಲೇಬೇಕು. ಗುಂಡಣ್ಣ ಲೆಕ್ಕ ಹಾಕಿದ್ದು ಗ್ರಹಗತಿಯನ್ನಲ್ಲ, ಇದನ್ನು.

ಬುಧವಾರ ಸಂಜೆ ಐದೂವರೆಗೆ ಅಪರಾಧ ಸಂಖ್ಯೆ ೪೧/೬೨, ವಿಷ ಉಣಿಸಿದ್ದಕ್ಕೂ ಕೊಲೆ ಯತ್ನಕ್ಕೂ ಭಾರತೀಯ ದಂಡ ಸಂಹಿತೆಯ ಕಲಂ ೩೨೮ ಮತ್ತು ೩೦೭ರ ಅಡಿ ಎಫ್.ಐ.ಆರ್. ದಾಖಲಾಯಿತು. ಚಿಕ್ಕಬೈರಪ್ಪ ಈಗಲೇ ಹೋಗೋಣವೆಂದ. ಗಂಗಾಧರಯ್ಯ ಬೇಡವೆಂದರು. ತೀರ್ಥ ಮಾಡುವುದು ಬೆಳಿಗ್ಗೆ. ಈಗ ಹೋದರೆ ಸಿಗುವುದು ತೊಳೆದು ಬೋರಲು ಹಾಕಿದ ಬಟ್ಟಲು.

ಮಾರ್ಚಿ ೮, ಗುರುವಾರ, ಬೆಳಿಗ್ಗೆ ಏಳೂ ನಲವತ್ತು. ಸಾಕ್ಷಿಗೆಂದು ಕರೆತಂದ ಇಬ್ಬರು ಪಂಚರೊಂದಿಗೆ ಪೊಲೀಸರು ಕಾಂಪೌಂಡು ಹಾರಿ ಒಳಗಿಳಿದರು. ಪಂಚರಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು, ಈ ವಯಸ್ಸಿನಲ್ಲಿ ಗೋಡೆ ಹತ್ತಿಸಿದಿರಲ್ಲ ಎಂದು ಗೊಣಗಿಕೊಂಡೇ ಹತ್ತಿದರು. ವರಾಂಡದಲ್ಲಿ ಎಲ್ಲರೂ ಬೂಟು ಬಿಚ್ಚಿದರು. ಯಾರೂ ಹೇಳಿರಲಿಲ್ಲ. ಒಳಗಿನಿಂದ ಗಂಟೆಯ ಸದ್ದು ಬರುತ್ತಿತ್ತು.

ದೇವರ ಮನೆಯ ಬಾಗಿಲಲ್ಲಿ ರಾಯರು ಬೆಳ್ಳಿ ಬಟ್ಟಲು ಹಿಡಿದು ನಿಂತಿದ್ದರು. ಗುಂಡಣ್ಣ ಅವರ ಹಿಂದಿದ್ದ. ಸರಸ್ವತಮ್ಮ ಗೋಡೆಗೆ ಒರಗಿ ಕೂತಿದ್ದರು. ಎದುರಿಗೆ ಅಮ್ಮಣ್ಣಿ, ಒದ್ದೆ ಕೂದಲಿನ ತುದಿಗೆ ಗಂಟು ಹಾಕಿ, ಬಲಗೈ ಗುಳಿ ಮಾಡಿ ಚಾಚಿದ್ದಳು. ಉದ್ಧರಣೆ ಆ ಕೈಯಿಂದ ಗೇಣು ದೂರದಲ್ಲಿತ್ತು. ಅವಳ ಕಣ್ಣು ಮುಚ್ಚಿತ್ತು.

"ನಿಲ್ಸಿ ಸ್ವಾಮಿ! ಕೊಡಬೇಡಿ!"

ರಾಯರು ಬೆಚ್ಚಿ ತಿರುಗಿದರು. "ಏನಿದು ಇನ್‌ಸ್ಪೆಕ್ಟರೇ? ಮಡೀಲಿದೀನಿ."

"ಆ ಬಟ್ಟಲು ನನಗೆ ಕೊಡಿ. ಅದರಲ್ಲಿ ವಿಷ ಇದೆ."

"ಮೈಲಿಗೆಯವರು ಮುಟ್ಟಿದ್ರೆ ವ್ರತಭಂಗ," ಎಂದ ಗುಂಡಣ್ಣ. ಅವನ ದನಿಯಲ್ಲಿ ಅಳುಕೇ ಇರಲಿಲ್ಲ. "ಮೂವತ್ತು ದಿನದ ತಪಸ್ಸು. ಹಾಳಾದ್ರೆ ಅಮ್ಮನೂ ಉಳಿಯಲ್ಲ, ಅಮ್ಮಣ್ಣಿಯೂ ಉಳಿಯಲ್ಲ. ಆಮೇಲೆ ನನ್ನ ಅನ್ನಬೇಡಿ."

ರಾಯರು ಮಗಳನ್ನು ನೋಡಿದರು, ಗುಂಡಣ್ಣನನ್ನು ನೋಡಿದರು. ಆಮೇಲೆ ಒಂಥರಾ ನಕ್ಕರು. ಮನೆಗೆ ಬಂದವರ ಮಕ್ಕಳು ತಂಟೆ ಮಾಡಿದಾಗ ದೊಡ್ಡವರು ನಗುವ ಹಾಗೆ.

"ನಿಮ್ಮ ಅನುಮಾನ ಇವನ ಮೇಲೇನು? ಮೂವತ್ತು ವರ್ಷದಿಂದ ನನ್ನ ಅನ್ನ ತಿಂದ ಹುಡುಗ. ನೋಡಿ, ನಿಮ್ಮ ಮುಂದೆ ನಾನೇ ತಗೋತೀನಿ. ಫಲ ಹೋದರೆ ಹೋಗಲಿ, ಅವನ ಮೇಲಿನ ಕಳಂಕ ಹೋಗುತ್ತಲ್ಲ."

ಯಾರೂ ಮುಂದೆ ಬರುವ ಮೊದಲೇ ಉದ್ಧರಣೆ ಬಿಟ್ಟು ಬಟ್ಟಲನ್ನೇ ತುಟಿಗೆ ಎತ್ತಿದರು.

"ಅಪ್ಪಾ, ಬೇಡ!"

ಕೂಗಿದ್ದು ಅಮ್ಮಣ್ಣಿಯಲ್ಲ. ಗುಂಡಣ್ಣ ಎರಡೂ ಕೈಯಿಂದ ರಾಯರ ಮಣಿಕಟ್ಟು ಹಿಡಿದು ಜಗ್ಗಿದ್ದ. ಅರ್ಧ ತೀರ್ಥ ನೆಲಕ್ಕೆ ಚೆಲ್ಲಿತು, ಉಳಿದರ್ಧದ ಬಟ್ಟಲನ್ನು ಚಿಕ್ಕಬೈರಪ್ಪ ಹಿಡಿದುಕೊಂಡ. ಆ ಮನೆಯಲ್ಲಿ ಗುಂಡಣ್ಣ ರಾಯರನ್ನು ಯಾವತ್ತೂ ಸ್ವಾಮಿ ಎಂದೇ ಕರೆಯುತ್ತಿದ್ದವನು. ಬಟ್ಟಲಿನಲ್ಲಿ ಏನಿದೆಯೆಂದು ಆಮೇಲೆ ಯಾರೂ ಕೇಳಬೇಕಾಗಲಿಲ್ಲ.

ಎಂಟೂ ಹತ್ತಕ್ಕೆ ಗುಂಡಣ್ಣನನ್ನು ದಸ್ತಗಿರಿ ಮಾಡಲಾಯಿತು. ಅಡುಗೆಮನೆಯ ಅಟ್ಟದ ಮೇಲೆ, ಪಚ್ಚಕರ್ಪೂರದ ಡಬ್ಬಿಯಲ್ಲಿ, ಬಿಳಿ ಪುಡಿಯ ಪೊಟ್ಟಣ ಸಿಕ್ಕಿತು. ಅದನ್ನೂ ಬಟ್ಟಲನ್ನೂ ಮೊಹರು ಮಾಡಿ ಬರೆದ ಪಂಚನಾಮೆಗೆ ಪಂಚರಿಬ್ಬರೂ ರುಜು ಹಾಕಿದರು. ತಾಯಿ ಮಗಳನ್ನು ಆಸ್ಪತ್ರೆಗೆ ಸೇರಿಸಿದರು. ಇಬ್ಬರೂ ಉಳಿಯುತ್ತಾರೆ, ಸರಸ್ವತಮ್ಮನವರಿಗೆ ಮಾತ್ರ ಮೊದಲಿನಂತೆ ನಡೆಯಲು ವರ್ಷ ಹಿಡಿಯಬಹುದು ಎಂದರು ಅಲ್ಲಿನ ಡಾಕ್ಟರು.

ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಗಂಗಾಧರಯ್ಯನವರೇ ತಿಳಿಸಿದರು. ಆದರೂ ಗುಂಡಣ್ಣ ಹೇಳಿದ.

"ಬದರಿನಾಥ ನಿನಗೇನು ಮಾಡಿದ್ದ?"

"ಏನೂ ಮಾಡಿಲ್ಲ. ಒಳ್ಳೇ ಹುಡುಗ."

"ಆಸ್ತಿಗೋಸ್ಕರಾನಾ?"

"ಆಸ್ತಿ ಎಲ್ಲಿದೆ? ಎಲ್ಲ ಹಂಚಿಬಿಟ್ರಲ್ಲ." ಅವನೇ ಮುಂದುವರಿಸಿದ. "ನನಗೆ ಏಳು ವರ್ಷ. ಪ್ಲೇಗಿನಲ್ಲಿ ಅಪ್ಪ ಅಮ್ಮ ಒಂದೇ ವಾರ ಹೋದ್ರು. ರಾಯರು ಜರಗನಹಳ್ಳಿಯ ಪ್ಲೇಗಿನ ಶೆಡ್ಡಿಗೆ ಬಂದು ನನ್ನ ಎತ್ಕೊಂಡ್ರು. 'ಅಳಬೇಡ ಮಗು, ಇನ್ಮೇಲೆ ನಾನೇ ನಿನ್ನಪ್ಪ' ಅಂದ್ರು. ನಾಲ್ಕು ವರ್ಷ ಪಕ್ಕದಲ್ಲೇ ಎಲೆ ಹಾಕಿಸ್ಕೊಂಡ್ರು. ಬದರಿ ಹುಟ್ಟಿದ. ನನ್ನ ಎಲೆ ಎರಡನೇ ಪಂಕ್ತಿಗೆ ಹೋಯ್ತು. ಆಮೇಲೆ ಅಡುಗೆಮನೆಗೆ. ಯಾರೂ ಬೈಲಿಲ್ಲ, ಹೊಡೀಲಿಲ್ಲ. ಪ್ರೀತಿಯಿಂದಲೇ ನೋಡ್ಕೊಂಡ್ರು. ಬದರಿ, ಅಮ್ಮ, ಅಮ್ಮಣ್ಣಿ ಮೂವರೂ ಇಲ್ಲದಿದ್ರೆ ನಾನೊಬ್ನೇ ಇರ್ತೀನಲ್ಲ. ವಯಸ್ಸಾದ ಕಾಲಕ್ಕೆ ರಾಯರಿಗೆ ಮಗ ಅಂತ ನಾನೊಬ್ನೇ." ಮತ್ತೆ ಹೇಳಿದ, "ಅವರಿಗೆ ಒಂದು ತೊಟ್ಟು ಹೋಗದ ಹಾಗೆ ನೋಡ್ಕೊಂಡಿದೀನಿ. ಬರ್ಕೊಳ್ಳಿ."

ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯ ವರಾಂಡದಲ್ಲಿ ರಾಯರ ಹೇಳಿಕೆ. ಅವರು ಇನ್ನೂ ಮಡಿ ಪಂಚೆಯಲ್ಲೇ ಇದ್ದರು. ಒಳಗೆ ಹೋಗಿ ಹೆಂಡತಿ ಮಗಳ ಮುಖ ನೋಡಿರಲಿಲ್ಲ. ಅಮ್ಮಣ್ಣಿ ಎರಡು ಸಲ ಹೇಳಿಕಳಿಸಿದ್ದಳು.

"ಡಿಸೆಂಬರಿಂದ ಎಷ್ಟು ಸಲ ಕೊಟ್ಟೆ ಅಂತ ಲೆಕ್ಕ ಹಾಕ್ತಾ ಇದೀನಿ," ಎಂದರು. "ಬದರಿ ಕೊನೇ ದಿನ ಬೆಳಿಗ್ಗೆ ಏಳಕ್ಕಾಗದೆ ಮಲಗಿದ್ದ. ತಲೆ ಎತ್ತಿ ಹಿಡಿದು, ಬಾಯಿ ತೆಗಿ ಮಗು ಅಂತ ನಾನೇ ಹಾಕಿದೆ."

ಗಂಗಾಧರಯ್ಯ ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನು ಮುಚ್ಚಿಟ್ಟು ಕೇಳಿದರು, "ಇನ್ಮೇಲೆ ನಾನೇ ನಿನ್ನಪ್ಪ ಅಂತ ಗುಂಡಣ್ಣನಿಗೆ ಹೇಳಿದ್ದು ಜ್ಞಾಪಕ ಇದೆಯೇ?"

ರಾಯರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು.

"ಹೇಳಿರಬಹುದು. ಜ್ಞಾಪಕ ಇಲ್ಲ. ಆ ಪ್ಲೇಗಿನ ವರ್ಷ ಎಷ್ಟೊಂದು ಮಕ್ಕಳು ಅಳ್ತಾ ಇದ್ವು. ಎಲ್ಲರಿಗೂ ಹಾಗೇ ಹೇಳ್ತಿದ್ದೆ."

ಚಿಕ್ಕಬೈರಪ್ಪ ಮುಖ ತಿರುಗಿಸಿಕೊಂಡ.

ಸಂಜೆ ಐದಕ್ಕೆ ಠಾಣೆಗೆ ಹಿಂತಿರುಗಿದಾಗ ಗುಂಡಣ್ಣ ಲಾಕಪ್ಪಿನ ಸರಳು ಹಿಡಿದು ಕಾಯುತ್ತಿದ್ದ. ಕೊಲೆಯ ಕಲಂ ಸೇರಿಸುತ್ತೇವೆ ಎಂದಾಗಲೂ ಅವನ ಮುಖ ಬದಲಾಗಿರಲಿಲ್ಲ.

"ಅವರನ್ನ ಕೇಳಿದ್ರಾ? ಏನಂದ್ರು?"

ಗಂಗಾಧರಯ್ಯ ಸುಳ್ಳು ಹೇಳಬಹುದಿತ್ತು. ಒಂದು ಕ್ಷಣ ಹೇಳೋಣವೆಂದೂ ಅನ್ನಿಸಿತು.

"ಜ್ಞಾಪಕ ಇಲ್ಲ ಅಂದ್ರು."

ಗುಂಡಣ್ಣ ಸರಳು ಬಿಟ್ಟು ನೆಲದ ಮೇಲೆ ಕೂತ. ಚಿಕ್ಕಬೈರಪ್ಪ ನೀರಿನ ಲೋಟ ಒಳಗೆ ಇಟ್ಟ. ಗುಂಡಣ್ಣ ಅದನ್ನು ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ, ಏಳು ವರ್ಷದ ಮಗುವಿನಂತೆ ದನಿ ತೆಗೆದು ಅಳುತ್ತಿದ್ದ.